ಯೂರಾಲಜಿ, ಬಿಹೇವಿಯರಲ್ ನ್ಯೂರೋಸೈನ್ಸ್ ಎರಡರಲ್ಲೂ ಪೇಪರ್‌ಗಳಿರುವ ಪ್ರೊಫೆಸರ್: ಪಟ್ಟಿ ಓದುವುದು ಹೇಗೆ?

ನೀವು ಪಿಎಚ್‌ಡಿಗೆ ಅರ್ಜಿ ಹಾಕಬೇಕೆಂದಿರುವ ಪ್ರೊಫೆಸರ್ ಹೆಸರಿನಲ್ಲಿ ಮೂತ್ರಕೋಶದ (ಯೂರಾಲಜಿ) ಪೇಪರ್‌ಗಳೂ ಇಲಿಗಳ ವರ್ತನೆಯ (ಬಿಹೇವಿಯರಲ್ ನ್ಯೂರೋಸೈನ್ಸ್) ಪೇಪರ್‌ಗಳೂ ಇವೆ. ಅವೆಲ್ಲ ಒಬ್ಬರವೇ, ಒಬ್ಬರವೇ ಆದರೆ ಎರಡು ದೋಣಿಯಲ್ಲಿ ಕಾಲಿಟ್ಟಂತಲ್ಲವೇ ಎಂದು ಕೇಳಿದ್ದೀರಿ.

ದೋಣಿಯ ಮಾತು ಮೊದಲು. ಹಾಗೇನಿಲ್ಲ. ಮೂತ್ರವನ್ನು ಯಾವಾಗ, ಎಲ್ಲಿ ಬಿಡಬೇಕೆಂದು ನಿರ್ಧರಿಸುವುದು ಮಿದುಳು. ಬೆಕ್ಕಿನ ಮಿದುಳುಕಾಂಡದ ಒಂದು ಜಾಗಕ್ಕೆ ಪೆಟ್ಟಾದರೆ ಮೂತ್ರಕೋಶ ಸರಿಯಾಗಿ ಖಾಲಿಯಾಗುವುದಿಲ್ಲ ಎಂದು ಲಂಡನ್ನಿನ ಶಸ್ತ್ರವೈದ್ಯ ಬ್ಯಾರಿಂಗ್ಟನ್ 1925ರಲ್ಲೇ ತೋರಿಸಿದ್ದರು. ಆ ಜಾಗವನ್ನು ಇಂದಿಗೂ ಬ್ಯಾರಿಂಗ್ಟನ್ ನ್ಯೂಕ್ಲಿಯಸ್ ಎನ್ನುತ್ತಾರೆ. ಅಲ್ಲಿನ ಬಹಳಷ್ಟು ನರಕೋಶಗಳಲ್ಲಿ ಸಿಆರ್‌ಎಫ್ ಎಂಬ ಪೆಪ್ಟೈಡ್ ಇದೆ, ಮಾನಸಿಕ ಒತ್ತಡಕ್ಕೆ ಮಿದುಳು ಸ್ಪಂದಿಸುವಾಗ ಬಳಸುವ ರಾಸಾಯನಿಕ ಅದು. ಬಲಿಷ್ಠ ಗಂಡಿಲಿಯ ಕೈಯಲ್ಲಿ ಪದೇ ಪದೇ ಸೋತ ಇಲಿ ಮೂತ್ರ ಕಟ್ಟಿಕೊಳ್ಳುತ್ತದೆ, ಅದರ ಮೂತ್ರಕೋಶ ದೊಡ್ಡದಾಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ಸೋಷಿಯಲ್ ಡಿಫೀಟ್ (ಹೀಗೆ ಪದೇ ಪದೇ ಸೋಲಿಸುವ ಪ್ರಯೋಗ), ಸಿಸ್ಟೋಮೆಟ್ರಿ (ಮೂತ್ರಕೋಶ ತುಂಬುವಾಗ, ಖಾಲಿಯಾಗುವಾಗ ಒಳಗಿನ ಒತ್ತಡ ಅಳೆಯುವುದು), ವಾಯ್ಡ್ ಸ್ಪಾಟ್ (ಮೂತ್ರದ ಕಲೆಗಳನ್ನು ಅಳೆಯುವುದು) ಎಂಬ ಮಾತುಗಳು ಒಟ್ಟಿಗೆ ಬಂದರೆ ಅದು ಒಂದೇ ಕೆಲಸ. ಒಂದು ಕಡೆ ಕಿಡ್ನಿ ಕಲ್ಲಿನ ಸರ್ಜರಿ, ಇನ್ನೊಂದು ಕಡೆ ಬರೀ ನೆನಪಿನ ಶಕ್ತಿಯ ಪರೀಕ್ಷೆ ಇದ್ದರೆ ಇಬ್ಬರ ಪಟ್ಟಿ ಬೆರೆತಿರಬಹುದು.

ನಮ್ಮ ಕಡೆಯ ಹೆಸರುಗಳಲ್ಲಿ ಈ ಬೆರಕೆ ಹೆಚ್ಚು. ಊರು, ಅಪ್ಪನ ಹೆಸರು ಇನಿಶಿಯಲ್ ಆಗಿ, ಸ್ವಂತ ಹೆಸರೇ ಸರ್‌ನೇಮ್ ಆಗಿ ಪಬ್‌ಮೆಡ್‌ಗೆ (ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಆನ್‌ಲೈನ್ ಪಟ್ಟಿ) ಹೋಗುತ್ತದೆ. ವಿದೇಶಕ್ಕೆ ಹೋದ ಮೇಲೆ ಪಾಸ್‌ಪೋರ್ಟ್ ಪ್ರಕಾರ ಅಪ್ಪನ ಹೆಸರೇ ಸರ್‌ನೇಮ್ ಆಗಿಬಿಡಬಹುದು. ಆಗ ಒಬ್ಬರ ಕೆಲಸವೇ ಎರಡು ಹೆಸರಲ್ಲಿ ಒಡೆದು ಕಾಣುತ್ತದೆ. ಪಬ್‌ಮೆಡ್ 2002ಕ್ಕಿಂತ ಹಿಂದಿನ ಪೇಪರ್‌ಗಳಿಗೆ ಪೂರ್ತಿ ಹೆಸರು ಕೊಡುವುದಿಲ್ಲ, ಬರೀ ಇನಿಶಿಯಲ್. ಎಲ್ಲ ಲೇಖಕರ ಸಂಸ್ಥೆ ಕಾಣಿಸತೊಡಗಿದ್ದು 2014ರಿಂದ. ಅದಕ್ಕೇ ಮೊದಲು 16 ಅಂಕಿಯ ಆರ್ಕಿಡ್ (ORCID) ನಂಬರ್, ಅಂದರೆ ಪ್ರತಿ ಸಂಶೋಧಕರಿಗೂ ಬೇರೆಬೇರೆಯಾಗಿರುವ ಗುರುತಿನ ಸಂಖ್ಯೆ, ಹುಡುಕಿ. ಇಲ್ಲದಿದ್ದರೆ ಪಬ್‌ಮೆಡ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಹೆಸರಿನ ಜೊತೆ ಅಫಿಲಿಯೇಷನ್ (ಸಂಸ್ಥೆಯ ಹೆಸರು) ಕೊಟ್ಟು, ಸಹಲೇಖಕರು ಎರಡೂ ಗುಂಪಿನ ಪೇಪರ್‌ಗಳಲ್ಲಿ ಮತ್ತೆ ಸಿಗುತ್ತಾರೆಯೇ ನೋಡಿ. ಗೂಗಲ್ ಸ್ಕಾಲರ್ (ಗೂಗಲ್‌ನ ಪೇಪರ್ ಹುಡುಕಾಟ) ಲೇಖಕರ ಪುಟಕ್ಕೆ ತಾನಾಗಿಯೇ ಪೇಪರ್ ಸೇರಿಸಬಹುದು. ಅದನ್ನೊಂದೇ ನಂಬಬೇಡಿ.

ಆಮೇಲೆ ಲೇಖಕರ ಸಾಲು. ಈ ಕ್ಷೇತ್ರಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ಲ್ಯಾಬ್ ನಡೆಸುವವರದು. ವರ್ತನೆಯ ಪೇಪರ್‌ಗಳಲ್ಲೆಲ್ಲ ಅವರು ನಡುವೆಯೇ ಇದ್ದರೆ, ಸಿಸ್ಟೋಮೆಟ್ರಿ ಮಾಡಿಕೊಟ್ಟು ಕೈಜೋಡಿಸಿದ್ದಿರಬಹುದು. ಆ ಭಾಗವನ್ನು ನಿಮಗೆ ಕಲಿಸುವ ವ್ಯವಸ್ಥೆ ಅವರ ಲ್ಯಾಬ್‌ನಲ್ಲಿ ಇಲ್ಲದಿರಬಹುದು. ಪೇಪರ್‌ನ ಕೊನೆಯಲ್ಲಿ ಯಾರು ಏನು ಮಾಡಿದರೆಂಬ ಟಿಪ್ಪಣಿ ಇದ್ದರೆ ತಪ್ಪದೆ ಓದಿ.

ನನ್ನ ಪ್ರಕಾರ ನಿಜವಾದ ಪರೀಕ್ಷೆ ಪೇಪರ್‌ನ ಮೆಥಡ್ಸ್ ಭಾಗದಲ್ಲಿ, ಅಂದರೆ ಪ್ರಯೋಗ ಹೇಗೆ ಮಾಡಿದರೆಂದು ಬರೆದ ಕಡೆ, ಇದೆ. ವಾಯ್ಡ್ ಸ್ಪಾಟ್ ಪರೀಕ್ಷೆಯನ್ನೇ ತಗೊಳ್ಳಿ. ಪಂಜರದ ತಳಕ್ಕೆ ಫಿಲ್ಟರ್ ಪೇಪರ್ ಹಾಸಿ, ಸುಂಡಿಲಿಯನ್ನು (ಮೌಸ್) ಕೆಲವು ಗಂಟೆ ಬಿಟ್ಟು, ಆಮೇಲೆ ಯುವಿ ಬೆಳಕಿನಲ್ಲಿ ಕಲೆಗಳನ್ನು ಅಳೆಯುತ್ತಾರೆ. ಒಂದರ ಮೇಲೊಂದು ಬಿದ್ದ ಕಲೆಗಳು ಒಂದೇ ದೊಡ್ಡ ಕಲೆಯಾಗಿ ಎಣಿಕೆಗೆ ಬರುತ್ತವೆ. ಸುಂಡಿಲಿ ಕಡಿದು ಹಾಕಿದ ಕಾಗದದ ಲೆಕ್ಕವನ್ನು ನಂಬುವಂತಿಲ್ಲ. ಕಾಲು, ಬಾಲಕ್ಕೆ ಅಂಟಿ ಹರಡಿದ ಹನಿಗಳೂ ಸಣ್ಣ ಕಲೆಗಳಾಗುತ್ತವೆ. ಇನ್ನೂ ದೊಡ್ಡ ತೊಡಕೆಂದರೆ, ಮೇಲುಗೈ ಇರುವ ಗಂಡು ತನ್ನ ಜಾಗ ಗುರುತಿಸಲು ಎಲ್ಲೆಡೆ ಸಣ್ಣ ಸಣ್ಣ ಹನಿ ಹಾಕುತ್ತದೆ, ಸೋತದ್ದು ಮೂಲೆಯಲ್ಲಿ ಕೆಲವೇ ದೊಡ್ಡ ಕಲೆ ಬಿಡುತ್ತದೆ. ಕಲೆ ಹೆಚ್ಚಾಯಿತು, ಆದ್ದರಿಂದ ಓವರ್‌ಆ್ಯಕ್ಟಿವ್ ಬ್ಲ್ಯಾಡರ್ (ಪದೇ ಪದೇ ಮೂತ್ರದ ಅವಸರವಾಗುವ ತೊಂದರೆ) ಎಂದು ಬರೆದುಬಿಟ್ಟ ಪೇಪರ್ ವರ್ತನೆಯನ್ನು ಓದಿಲ್ಲ. ಪಂಜರದಲ್ಲಿ ಎಷ್ಟು ಗಂಡುಗಳಿದ್ದವು, ಹೊತ್ತು ಯಾವುದು, ಜೊತೆಗೆ ಸಿಸ್ಟೋಮೆಟ್ರಿ ಮಾಡಿದರೇ, ಅದಕ್ಕೆ ಯಾವ ಅರಿವಳಿಕೆ ಕೊಟ್ಟರು ಎಂದು ಬರೆದಿದ್ದರೆ ಎರಡೂ ಕಡೆ ಬಲ್ಲವರು. ಯುರೆಥೇನ್ ಎಂಬ ಅರಿವಳಿಕೆಯಲ್ಲಿ ಮೂತ್ರ ಬಿಡುವ ಪ್ರತಿವರ್ತನೆ ಬಹುಮಟ್ಟಿಗೆ ಉಳಿಯುತ್ತದೆ, ಐಸೋಫ್ಲುರೇನ್‌ನಲ್ಲಿ ಕುಗ್ಗುತ್ತದೆ.

ಪೇಪರ್‌ಗಳ ಸಂಖ್ಯೆಗೆ ಅಷ್ಟು ತೂಕ ಬೇಡ. ಯೂರಾಲಜಿ ಸಮ್ಮೇಳನಗಳ ಸಾರಾಂಶಗಳು ಜರ್ನಲ್ ಸಪ್ಲಿಮೆಂಟ್‌ನಲ್ಲಿ ಅಚ್ಚಾಗುತ್ತವೆ. ಅದೇ ಕೆಲಸ ಆಮೇಲೆ ಪೂರ್ಣ ಪೇಪರ್ ಆದರೆ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ. ಎಚ್-ಇಂಡೆಕ್ಸ್ (ಎಷ್ಟು ಪೇಪರ್‌ಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರೆಂಬ ಅಂಕ) ಅನ್ನು ಬೇರೆ ಕ್ಷೇತ್ರದವರ ಜೊತೆ ಹೋಲಿಸಬೇಡಿ, ಸೈಟೇಷನ್ (ಉಲ್ಲೇಖ) ಬೀಳುವ ವೇಗವೇ ಬೇರೆ. ವಾಪಸ್ ಪಡೆದ ಪೇಪರ್ ಇದ್ದರೆ ಪಬ್‌ಮೆಡ್‌ನಲ್ಲಿ ಶೀರ್ಷಿಕೆಯ ಬಳಿಯೇ ಆ ಸೂಚನೆ ಇರುತ್ತದೆ.

ಕಳೆದ 5 ವರ್ಷಗಳಲ್ಲಿ ಅವರ ಹೆಸರು ಕೊನೆಯಲ್ಲಿರುವ, ಎರಡೂ ವಿಷಯ ಸೇರಿದ ಪೇಪರ್‌ಗಳನ್ನು ಆರಿಸಿಕೊಳ್ಳಿ. ಅವುಗಳ ಮೊದಲ ಲೇಖಕರು ಹೆಚ್ಚಾಗಿ ಅವರ ವಿದ್ಯಾರ್ಥಿಗಳೇ ಆಗಿರುತ್ತಾರೆ. ಅರ್ಜಿ ಹಾಕುವ ಮೊದಲು ಅವರಲ್ಲಿ ಒಬ್ಬರಿಗೆ ಮೇಲ್ ಬರೆದು, ಸಿಸ್ಟೋಮೆಟ್ರಿ ಮತ್ತು ವರ್ತನೆಯ ಪರೀಕ್ಷೆ ಎರಡನ್ನೂ ಅದೇ ಲ್ಯಾಬ್‌ನಲ್ಲಿ ಕಲಿತರೇ ಎಂದು ಕೇಳಿ.