ಹುಬ್ಬಳ್ಳಿಯಿಂದ ಕಾರವಾರಕ್ಕೆ ಬಂದಿದ್ದೇವೆ. ಮನೆಯಲ್ಲಿ ಮಕ್ಕಳ ಜೊತೆ ಕ್ರಿಸ್‌ಮಸ್ ಆಚರಣೆ ಹೇಗೆ ರೂಢಿಸುವುದು?

‘ಮರ ತಂದು ಲೈಟು ಹಾಕಿಯಾಯಿತು, ಮುಂದೇನು ಅಂತ ಗೊತ್ತಾಗುತ್ತಿಲ್ಲ. ಹುಬ್ಬಳ್ಳಿಯ ಅಜ್ಜಿ ಮನೆಯಲ್ಲಿ ಹಬ್ಬ ತಾನಾಗಿಯೇ ಆಗುತ್ತಿತ್ತು’ ಅಂತ ಬರೆದಿದ್ದೀರಿ. ತಾನಾಗಿ ಆಗುತ್ತಿರಲಿಲ್ಲ, ಅಜ್ಜಿ ಮಾಡುತ್ತಿದ್ದರು! ನವೆಂಬರ್ ಮುಗಿಯುವ ಮೊದಲೇ ಡಬ್ಬಿ ತೊಳೆದು ಒಣಗಿಸುವುದರಿಂದ ಶುರು ಮಾಡುತ್ತಿದ್ದರು. ನಿಮ್ಮ ಮಕ್ಕಳು ಅವರ ಸೆರಗು ಹಿಡಿದುಕೊಂಡು ಓಡಾಡುತ್ತ ಹಿಟ್ಟು ಕದ್ದು ತಿನ್ನುತ್ತಿದ್ದರು. ಮಕ್ಕಳು ಈಗ ಕಾಣದೆ ಚಡಪಡಿಸುತ್ತಿರುವುದು ಆ ಮೂರ್ನಾಲ್ಕು ವಾರಗಳನ್ನೇ, 25ನೇ ತಾರೀಕನ್ನಲ್ಲ.

ಹಾಗಾಗಿ ಇನ್ನೊಂದು ಪೆಟ್ಟಿಗೆ ಅಲಂಕಾರ ಸಾಮಾನು ತರಬೇಡಿ. ಕಾಯುವುದಕ್ಕೆ ಏನಾದರೂ ಕೊಡಿ, ಕಾಯುವಾಗ ಮಾಡುವುದಕ್ಕೆ ಕೆಲಸ ಕೊಡಿ. ಐದು ವರ್ಷದವಳಿಗೆ ಒಂದು, ಒಂಬತ್ತರವನಿಗೆ ಒಂದು. ಅದು ಪ್ರತಿ ವರ್ಷ ಅವರದೇ ಕೆಲಸವಾಗಿರಲಿ, ದೊಡ್ಡವರು ಕೈ ಹಾಕಕೂಡದು. ನಮ್ಮ ಮನೆಯಲ್ಲಿ ನಡೆಯುವುದು ಇಷ್ಟೇ. ನಾವು ಕಥೋಲಿಕರು, ನೀವು ಬಾಸೆಲ್ ಮಿಶನ್ ಸಭೆಯವರು, ಅಂದರೆ ಪ್ರಾಟೆಸ್ಟಂಟರು, ಅಂದಿದ್ದೀರಿ. ಇಲ್ಲಿ ಹೇಳುವ ಯಾವುದಕ್ಕೂ ಅದು ಅಡ್ಡಿ ಬರುವುದಿಲ್ಲ.

ಮೊದಲನೆಯದಂತೂ ನಿಮ್ಮ ಕಡೆಯಿಂದಲೇ ನಮ್ಮ ಕಡೆಗೆ ಬಂದದ್ದು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದೇ ಮೇಣದಬತ್ತಿ ಹಚ್ಚುವ ಕ್ರಮ ಇದೆಯಲ್ಲ, ಅದನ್ನು 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಅನಾಥ ಮತ್ತು ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ವಿಖರ್ನ್ ಎಂಬ ಪ್ರಾಟೆಸ್ಟಂಟ್ ಪಾದ್ರಿ ಶುರು ಮಾಡಿದರು. ‘ಹಬ್ಬ ಯಾವಾಗ, ಇನ್ನೂ ಎಷ್ಟು ದಿನ’ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದವಂತೆ. ಅವರು ಹಳೆಯ ಗಾಡಿಯ ಚಕ್ರ ತೂಗುಹಾಕಿ, ಭಾನುವಾರಕ್ಕೆ ದೊಡ್ಡ ಬಿಳಿ ಮೇಣದಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಮೇಣದಬತ್ತಿ ಇಟ್ಟರು. ಎಣಿಸಿಕೊಳ್ಳಿ ಅಂತ. ನಿಮ್ಮ ಸಭೆಯ ಮಿಶನರಿಗಳು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಅಂದರೆ ಅದೇ ಕಾಲ. ಮಕ್ಕಳ ಕಾಟ ತಡೆಯಲಾರದೆ ಹುಟ್ಟಿದ ಸಂಪ್ರದಾಯ ಅಂತ ನಮ್ಮ ಮನೆಯಲ್ಲಿ ಇದಕ್ಕೆ ವಿಶೇಷ ಗೌರವ.

ಗಾಡಿ ಚಕ್ರ ಬೇಡ, ಒಂದು ಹಿತ್ತಾಳೆ ತಟ್ಟೆ ಸಾಕು. ಸುತ್ತ ಗಾಳಿಮರದ ಸೊಪ್ಪು, ಮಧ್ಯೆ ನಾಲ್ಕು ಮೇಣದಬತ್ತಿ. ನಮ್ಮಲ್ಲಿ ಮೂರು ನೇರಳೆ, ಮೂರನೇ ಭಾನುವಾರಕ್ಕೆ ಮಾತ್ರ ಒಂದು ಗುಲಾಬಿ. ಬಣ್ಣ ಸಿಗದಿದ್ದರೆ ಬಿಳಿಯದೇ ಇರಲಿ. ರಾತ್ರಿ ಊಟಕ್ಕೆ ಮೊದಲು ಮನೆಯ ದೀಪವೆಲ್ಲ ಆರಿಸಿ, ಟಿವಿ ಆರಿಸಿ, ಮೊಬೈಲು ಇನ್ನೊಂದು ಕೋಣೆಯಲ್ಲಿಟ್ಟು ಹಚ್ಚಿ. ದೊಡ್ಡವನು ಬೈಬಲಿನ ನಾಲ್ಕು ಸಾಲು ಓದಲಿ, ಸಣ್ಣವಳು ಕೊನೆಗೆ ಊದಿ ಆರಿಸಲಿ. ಈ ಊದುವ ಅಧಿಕಾರಕ್ಕೆ ಜಗಳ ಬರುತ್ತದೆ, ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ, ಹಬ್ಬದ ತನಕ ದಿನಕ್ಕೊಂದು ತೆರೆಯುವ 24 ಕಿಟಕಿಯ ಕ್ಯಾಲೆಂಡರ್ ಬಗ್ಗೆಯೂ ಕೇಳಿದ್ದೀರಿ. ನನಗೆ ಅದು ಹಿಡಿಸಿಲ್ಲ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಚಾಕಲೇಟು ತೆಗೆದು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ವಾರಕ್ಕೊಮ್ಮೆ ಬರುವುದಕ್ಕೆ ಇರುವ ತೂಕ ಅದಕ್ಕಿಲ್ಲ.

ಎರಡನೆಯದು ರಾಗಿ. ನಿಮ್ಮ ಸಣ್ಣವಳಿಗೆ ಇದನ್ನೇ ಕೊಡಿ.

ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹುಲ್ಲುಗಾವಲಿಗೆ ಗೋವಾ, ಕಾರವಾರ, ಮಂಗಳೂರು ಕಡೆ ಕ್ರೈಸ್ತರ ಮನೆಗಳಲ್ಲಿ ರಾಗಿಯನ್ನೋ ಭತ್ತವನ್ನೋ ಬಿತ್ತಿ ಮೊಳಕೆ ಬರಿಸುವುದು ರೂಢಿ. ಭಾನುವಾರದ ಸಂತೆಯಿಂದ ಒಂದು ಹಿಡಿ ರಾಗಿ ತನ್ನಿ, ಪ್ಯಾಕೆಟ್ಟಿನದು ಕೆಲವೊಮ್ಮೆ ಮೊಳೆಯುವುದಿಲ್ಲ. ಡಿಸೆಂಬರ್ 13ರ ಸುಮಾರಿಗೆ ರಾತ್ರಿ ನೀರಿನಲ್ಲಿ ನೆನೆಹಾಕಿ, ಮರುದಿನ ಬಟ್ಟೆಯಲ್ಲಿ ಕಟ್ಟಿಡಿ. ತೆಂಗಿನ ಗೆರಟೆಗಳಲ್ಲಿ, ಹಳೆಯ ಬೇಕರಿ ಟ್ರೇಯಲ್ಲಿ, ಏನಿದೆಯೋ ಅದರಲ್ಲಿ ಎರಡು ಬೆರಳು ದಪ್ಪ ಮಣ್ಣು ಹಾಕಿ, ಮೇಲೆ ರಾಗಿ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿ. ಇಲ್ಲಿ ಐದು ವರ್ಷದವರ ಕೈ ಬಲು ಧಾರಾಳ, ಒಂದೇ ಕಡೆ ರಾಶಿ ಸುರಿಯುತ್ತಾರೆ. ಸುರಿಯಲಿ, ಅಲ್ಲಿ ದಟ್ಟ ಕಾಡು ಬರುತ್ತದೆ. ನೀರು ಮಗ್ಗಿನಿಂದ ಹೊಯ್ದರೆ ಕಾಳೆಲ್ಲ ಒಂದು ಮೂಲೆಗೆ ಹೋಗಿ ಸೇರುತ್ತದೆ. ಕೈಯಲ್ಲಿ ಅದ್ದಿ ಚಿಮುಕಿಸಲು ಹೇಳಿಕೊಡಿ. ನಾಲ್ಕು ದಿನಕ್ಕೆ ಬಿಳಿ ಚುಕ್ಕೆ ಕಾಣುತ್ತದೆ. ಆಮೇಲೆ ಮಗು ನಿಮ್ಮನ್ನು ಬೆಳಗಿನ ಜಾವ ಎಬ್ಬಿಸಿ ತೋರಿಸಲು ಕರೆದುಕೊಂಡು ಹೋಗುತ್ತದೆ. 24ಕ್ಕೆ ಎರಡು ಇಂಚಿನ ಎಳೆಹಸಿರು ಸಿದ್ಧವಾಗಿರುತ್ತದೆ. ಮೊದಲ ಕೆಲವು ದಿನ ನೆರಳಿನಲ್ಲಿಡಿ, ಹಸಿರಾದ ಮೇಲೆ ಕಿಟಕಿಯ ಬೆಳಕಿಗೆ ಸರಿಸಿ. ಇಲ್ಲಿನ ಡಿಸೆಂಬರ್ ಮಧ್ಯಾಹ್ನದ ಬಿಸಿಲು ಹುಬ್ಬಳ್ಳಿಯದಂತಲ್ಲ, ಒಂದೇ ದಿನ ನೀರು ತಪ್ಪಿದರೆ ಬಾಡಿಬಿಡುತ್ತದೆ.

ಇನ್ನು ಗೋದಲಿ. ದುಬಾರಿ ಗೊಂಬೆಗಳ ಸೆಟ್ಟು ಕೊಳ್ಳಬೇಕೇ ಅಂತ ಕೇಳಿದ್ದೀರಿ, ಖಂಡಿತ ಬೇಡ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೇಚಿಯೊ ಎಂಬ ಹಳ್ಳಿಯಲ್ಲಿ ಕ್ರಿಸ್‌ಮಸ್ ರಾತ್ರಿ ಏರ್ಪಡಿಸಿದ್ದರಲ್ಲಿ ಇದ್ದದ್ದು ಹುಲ್ಲು ತುಂಬಿದ ಒಂದು ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ಮಕ್ಕಳಿಗೆ ಈ ಕಥೆ ಹೇಳಿ, ಆಮೇಲೆ ನೋಡಿ. ನಮ್ಮ ಗೋದಲಿಯ ಮಾಡು ಅಡಿಕೆ ಹಾಳೆಯದು, ಶಿರಸಿ ಕಡೆಯಿಂದ ಬರುವ ನಮ್ಮ ಭಾವ ತಂದುಕೊಡುತ್ತಾರೆ. ನೆಲಕ್ಕೆ ಕೋಡಿಬಾಗದ ಮರಳು, ಚಿಪ್ಪು. ಬೈಹುಲ್ಲು ಈಗಷ್ಟೇ ಕೊಯ್ಲು ಮುಗಿದ ಗದ್ದೆಗಳಲ್ಲಿ ಬೇಕಾದಷ್ಟಿದೆ, ಕೇಳಿ ತಗೊಳ್ಳಿ. ಕುರಿ, ಎತ್ತು ಎಲ್ಲವೂ ಜೇಡಿಮಣ್ಣಿನವು. ನಮ್ಮ ಮಗಳು ಮಾಡಿದ ಒಂಟೆ ಹಂದಿಯ ಹಾಗಿದೆ, ಆದರೆ ಅವಳ ಪ್ರಕಾರ ಅದು ಕುಳಿತ ಒಂಟೆ. ಹತ್ತಿಯ ಹಿಮ ಮಾತ್ರ ನಮ್ಮಲ್ಲಿ ಇಲ್ಲ. ಫ್ಯಾನು ಹಾಕಿಕೊಂಡು ಕೂತು ಹಿಮ ಉದುರಿಸುವುದು ನನಗೆ ಯಾಕೋ ಸರಿ ಬರುವುದಿಲ್ಲ. ಬಾಲಯೇಸುವಿನ ಗೊಂಬೆಯನ್ನು ಮಾತ್ರ 24ರ ರಾತ್ರಿ ತನಕ ಇಡಬೇಡಿ. ಜಾಗ ಖಾಲಿ ಇರಲಿ. ಅದನ್ನು ತಂದು ಮಲಗಿಸುವುದು ಮನೆಯಲ್ಲಿ ಎಲ್ಲರಿಗಿಂತ ಸಣ್ಣವರ ಕೆಲಸ.

ದೊಡ್ಡವನಿಗೆ ನಕ್ಷತ್ರ. ಬಜಾರಿನಲ್ಲಿ ಮಡಚಿಟ್ಟ ಕಾಗದದ ನಕ್ಷತ್ರ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಆದರೆ ಒಂಬತ್ತು ವರ್ಷದ ಹುಡುಗನಿಗೆ ಬಿದಿರಿನದು ಕಟ್ಟಲು ಬರುತ್ತದೆ, ಬರಲೇಬೇಕು. ಎರಡೂವರೆ ಅಡಿಯ ಹತ್ತು ಬಿದಿರ ಕಡ್ಡಿ, ಎಲ್ಲವೂ ಒಂದೇ ಅಳತೆ. ಸೀಳಿ ನಯ ಮಾಡುವುದು ನಿಮ್ಮ ಕೆಲಸ, ಸಿಬಿರು ಚುಚ್ಚಿದರೆ ಹಬ್ಬ ಅಲ್ಲಿಗೇ ಮುಗಿಯುತ್ತದೆ. ಐದು ಕಡ್ಡಿಗಳನ್ನು ನೆಲದ ಮೇಲೆ, ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಎತ್ತದೆ ನಕ್ಷತ್ರ ಬರೆಯುತ್ತೇವಲ್ಲ, ಹಾಗೆ ಜೋಡಿಸಿ, ಐದು ತುದಿ ಮತ್ತು ಒಳಗೆ ಒಂದನ್ನೊಂದು ದಾಟುವ ಐದು ಜಾಗಗಳನ್ನು ದಾರದಿಂದ ಬಿಗಿಯಿರಿ. ಅಂಥದೇ ಇನ್ನೊಂದು. ಒಂದರ ಮೇಲೊಂದಿಟ್ಟು ತುದಿಗಳನ್ನು ಕಟ್ಟಿ, ಒಳಗಿನ ಐದು ಸಂಧಿಗಳ ನಡುವೆ ಗೇಣಿಗಿಂತ ಸ್ವಲ್ಪ ಗಿಡ್ಡ ಕಡ್ಡಿಯ ಊರೆ ಕೊಟ್ಟರೆ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಇದೊಂದು ಕ್ಷಣವಿದೆ ನೋಡಿ, ಚಪ್ಪಟೆ ಕಡ್ಡಿಗಳ ಗೂಡು ಇದ್ದಕ್ಕಿದ್ದಂತೆ ನಕ್ಷತ್ರವಾಗುವುದು, ಆಗ ಹುಡುಗನ ಮುಖ ನೋಡಬೇಕು.

ಮೈದಾ ಗಂಜಿ ಹಚ್ಚಿ ಗಾಳಿಪಟದ ಕಾಗದ ಅಂಟಿಸಿ, ಹಿಂದುಗಡೆ ಒಂದು ಭಾಗ ಬಲ್ಬ್ ಹಾಕಲು ತೆರೆದಿರಲಿ. ಎಲ್‌ಇಡಿ ಬಲ್ಬೇ ಇರಲಿ, ಹಳೆಯ ಬಲ್ಬಿನ ಕಾವು ಕಾಗದಕ್ಕೆ ಆಗದು. ಸಮುದ್ರದ ಹತ್ತಿರ ರಾತ್ರಿ ಇಬ್ಬನಿ ಜೋರು. ಕಾಗದ ಬೆಳಗಾಗುವುದರೊಳಗೆ ಜೋತು ಬೀಳುತ್ತದೆ, ಆದ್ದರಿಂದ ಮಾಡಿನ ಅಡಿಗೆ ಕಟ್ಟಿ. ಮರಕ್ಕೂ ಇಷ್ಟೇ ಮಾತು: ಕಡಲದಂಡೆಯ ಗಾಳಿಮರ ಕಡಿಯಬೇಡಿ, ಗಾಳಿಗೆ ಬಿದ್ದ ಒಂದು ಕೊಂಬೆ ಸಾಕು, ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ಮರ ಈಗಾಗಲೇ ಇದೆ ಅಂದಿರಲ್ಲ, ಹಾಗಾದರೆ ಕೊಂಬೆಯೂ ಬೇಡ.

ತಿಂಡಿಯ ವಿಷಯ. ಇಲ್ಲಿ ಹಬ್ಬದ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಅನ್ನುತ್ತೇವೆ: ನೆವ್ರಿ (ನಿಮ್ಮ ಕರ್ಜಿಕಾಯಿ), ಕುಲ್‌ಕುಲ್, ರೋಸ್ ಕುಕಿ, ದೊದೊಲ್, ಚಕ್ಕುಲಿ. ಎಲ್ಲವನ್ನೂ ಮಾಡುತ್ತೇನೆಂದು ಹೊರಡಬೇಡಿ. ದೊದೊಲ್‌ಗೆ ಬೆಲ್ಲ, ತೆಂಗಿನಹಾಲು, ಅಕ್ಕಿಹಿಟ್ಟು ಕಾಸಿ ತೋಳು ಬೀಳುವವರೆಗೆ ಮಗುಚಬೇಕು, ಅದನ್ನು ಕೊಂಡು ತನ್ನಿ. ರೋಸ್ ಕುಕಿಯ ಕಬ್ಬಿಣದ ಅಚ್ಚು ಕಾದ ಎಣ್ಣೆಯಲ್ಲಿ ಮುಳುಗಬೇಕು, ಮಕ್ಕಳನ್ನು ಹತ್ತಿರ ಬಿಡುವಂತಿಲ್ಲ. ಮಕ್ಕಳದ್ದು ಅಂದರೆ ಕುಲ್‌ಕುಲ್.

ಎರಡು ಕಪ್ ಮೈದಾ, ಎರಡು ಚಮಚ ಸಣ್ಣ ರವೆ, ಎರಡು ಚಮಚ ಪುಡಿ ಸಕ್ಕರೆ, ಚಿಟಿಕೆ ಉಪ್ಪು. ಎರಡು ಚಮಚ ತುಪ್ಪ ಬಿಸಿ ಮಾಡಿ ಹಾಕಿ ಉಜ್ಜಿ, ಅರ್ಧ ಕಪ್‌ನಷ್ಟು ಗಟ್ಟಿ ತೆಂಗಿನಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಪೂರಿ ಹಿಟ್ಟಿನ ಹದಕ್ಕೆ ನಾದಿ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಆಮೇಲೆ ದೊಡ್ಡ ಮಣೆಯ ಸುತ್ತ ಎಲ್ಲರೂ ಕೂರಬೇಕು. ಕಡಲೆಕಾಯಿ ಗಾತ್ರದ ಉಂಡೆ ಮಾಡಿ, ಮುಳ್ಳುಚಮಚದ ಬೆನ್ನಿಗೆ ಹೆಬ್ಬೆಟ್ಟಿನಿಂದ ಒತ್ತಿ ಚಪ್ಪಟೆ ಮಾಡಿ, ತುದಿಯಿಂದ ಸುರುಳಿ ಸುತ್ತುತ್ತ ಬಂದರೆ ಗೆರೆಗೆರೆಯ ಸಣ್ಣ ಚಿಪ್ಪು. ನಮ್ಮ ಮನೆಯಲ್ಲಿ ಇದಕ್ಕೆಂದೇ ಎತ್ತಿಟ್ಟ ಹೊಸ ಬಾಚಣಿಗೆಗಳಿವೆ, ಗೆರೆ ಇನ್ನೂ ಸಣ್ಣದಾಗಿ ಬರುತ್ತದೆ. ಯಾರದು ಯಾವುದು ಅಂತ ಕರಿದ ಮೇಲೂ ಗೊತ್ತಾಗುತ್ತದೆ. ಅಮ್ಮನದು ಬಿಗಿಯಾದ ಸುರುಳಿ, ಮಗಳದು ಅರ್ಧ ಬಿಚ್ಚಿಕೊಂಡ ಚಾಪೆ. ಬಿಚ್ಚಿಕೊಂಡದ್ದೇ ಹೆಚ್ಚು ಗರಿಗರಿ, ಅದಕ್ಕೇ ಪೈಪೋಟಿ. ಮಧ್ಯಮ ಉರಿಯಲ್ಲಿ ಕರಿಯುವುದು ನೀವೇ. ಅರ್ಧ ಕಪ್ ಸಕ್ಕರೆಗೆ ಕಾಲು ಕಪ್ ನೀರು ಹಾಕಿ ಎಳೆ ಪಾಕ ಬಂದ ಮೇಲೆ ಅದರಲ್ಲಿ ಹೊರಳಿಸಿ ಆರಲು ಬಿಡಿ, ಮೇಲೆ ಬಿಳಿ ಸಕ್ಕರೆ ಪದರ ಕಟ್ಟುತ್ತದೆ. ಡಬ್ಬಿಯಲ್ಲಿ ಎರಡು ವಾರ ಇರುತ್ತದೆ, ಬಚ್ಚಿಟ್ಟರೆ.

ಈ ತಿಂಡಿಯನ್ನು ತಟ್ಟೆಯಲ್ಲಿ ಜೋಡಿಸಿ ನೆರೆಮನೆಗಳಿಗೆ ಕೊಡುವುದನ್ನು ಬಿಡಬೇಡಿ. ನನ್ನ ಲೆಕ್ಕದಲ್ಲಿ ಹೊಸ ಊರಿಗೆ ಬಂದವರಿಗೆ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಇಲ್ಲಿ ಚೌತಿಗೆ ಪಕ್ಕದ ಹಿಂದೂ ಮನೆಗಳಿಂದ ನೆವ್ರಿ ನಮಗೆ ಬರುತ್ತದೆ, ನಾತಾಳಕ್ಕೆ (ಕ್ರಿಸ್‌ಮಸ್ಸಿಗೆ) ನಮ್ಮ ನೆವ್ರಿ ಅವರಿಗೆ ಹೋಗುತ್ತದೆ. ತಟ್ಟೆ ಖಾಲಿ ವಾಪಸ್ ಬರುವುದಿಲ್ಲ, ಒಂದು ಮುಷ್ಟಿ ಸಕ್ಕರೆಯಾದರೂ ಇರುತ್ತದೆ. ಮೊಟ್ಟೆ ತಿನ್ನದ ಮನೆಗಳಿಗೆ ಕೇಕು ಕಳಿಸಬೇಡಿ, ಮೇಲೆ ಹೇಳಿದ ಕುಲ್‌ಕುಲ್‌ನಲ್ಲಿ ಮೊಟ್ಟೆ ಇಲ್ಲ, ಅದು ನಡೆಯುತ್ತದೆ. ಒಯ್ದು ಕೊಡುವುದು ಮಕ್ಕಳೇ. ‘ಹಬ್ಬದ್ದು, ಅಮ್ಮ ಕೊಟ್ಟಿದ್ದಾರೆ’ ಅಂತ ಬಾಯಿ ಬಿಟ್ಟು ಹೇಳಲು ನಾಚುವ ಮಗುವಿಗೂ ನಾಲ್ಕನೇ ಮನೆಯ ಹೊತ್ತಿಗೆ ಧೈರ್ಯ ಬಂದಿರುತ್ತದೆ. ನೀವಿರುವುದು ಕ್ವಾರ್ಟರ್ಸ್‌ನಲ್ಲಿ. ನೌಕಾನೆಲೆ, ಕೈಗಾ ಕಡೆಯ ಕಾಲನಿಗಳಲ್ಲಿ ಎಲ್ಲ ರಾಜ್ಯದವರೂ ಇರುತ್ತಾರೆ, ಕೇರಳದವರೋ ಗೋವಾದವರೋ ಒಂದು ಕ್ರೈಸ್ತ ಮನೆ ಸಿಕ್ಕೇ ಸಿಗುತ್ತದೆ. ತಟ್ಟೆ ಹಿಡಿದು ಹೋದ ಮಕ್ಕಳೇ ಅದನ್ನು ಪತ್ತೆ ಹಚ್ಚಿ ಬರುತ್ತಾರೆ.

ಸಾಂತಾ ನಿಜವೋ ಸುಳ್ಳೋ ಅಂತ ದೊಡ್ಡವನು ಕೇಳಲು ಶುರು ಮಾಡಿದ್ದಾನೆ ಅಂದಿರಿ. ಸುಳ್ಳು ಕಟ್ಟುವ ಅಗತ್ಯ ನನಗೆ ಕಂಡಿಲ್ಲ. ಈಗಿನ ಟರ್ಕಿಯ ಮೈರಾ ಎಂಬ ಊರಿನಲ್ಲಿ ನಾಲ್ಕನೇ ಶತಮಾನದಲ್ಲಿ ನಿಕೋಲಸ್ ಎಂಬ ಬಿಷಪ್ ಇದ್ದರು, ಗುಟ್ಟಾಗಿ ಬಡವರಿಗೆ ಕೊಡುತ್ತಿದ್ದರು ಅಂತ ಅವರ ಬಗ್ಗೆ ಕಥೆಗಳಿವೆ, ಡಿಸೆಂಬರ್ 6 ಅವರ ಹಬ್ಬ. ಆ ದಿನ ಮಕ್ಕಳೇ ಯಾರಿಗಾದರೂ ಗುಟ್ಟಾಗಿ ಏನಾದರೂ ಮಾಡಿ ಬರಲಿ, ಸಿಕ್ಕಿಬೀಳಬಾರದು ಅಷ್ಟೆ. ಇನ್ನು ರಾತ್ರಿ ಕ್ಯಾರೋಲ್ ಹಾಡಲು ಬರುವವರ ಜೊತೆ ಒಬ್ಬ ಮುಖವಾಡದ ಸಾಂತಾ ಇದ್ದೇ ಇರುತ್ತಾನೆ. ಐದು ವರ್ಷದವಳನ್ನು ಮುಂದೆ ದೂಡಬೇಡಿ, ಆ ಪ್ಲಾಸ್ಟಿಕ್ ಮುಖಕ್ಕೆ ದೊಡ್ಡ ಮಕ್ಕಳೂ ಅಳುವುದನ್ನು ಕಂಡಿದ್ದೇನೆ.

ಕೊನೆಯ ಪ್ರಶ್ನೆ, ಯಜಮಾನರಿಗೆ 25ಕ್ಕೆ ಡ್ಯೂಟಿ ಬಿದ್ದರೆ? ಬೀಳಲಿ. ಕ್ರಿಸ್‌ಮಸ್ ಕಾಲ 25ಕ್ಕೆ ಮುಗಿಯುವುದಲ್ಲ, ಶುರುವಾಗುವುದು. ಜನವರಿ 6ರ ಮೂರು ರಾಯರ (ಬಾಲಯೇಸುವನ್ನು ನೋಡಲು ಕಾಣಿಕೆ ಹೊತ್ತು ಬಂದ ರಾಜರ) ಹಬ್ಬದ ತನಕ ಗೋದಲಿ ಇರಲಿ. ಮೂರು ರಾಯರನ್ನು ಮನೆಯ ಇನ್ನೊಂದು ತುದಿಯಲ್ಲಿಟ್ಟು ದಿನಕ್ಕೊಂದಿಷ್ಟು ಮುಂದೆ ಸರಿಸುತ್ತ ಬನ್ನಿ, ಫ್ರಿಜ್ಜಿನ ಮೇಲಿಂದ ಟಿವಿ ಮೇಜಿಗೆ, ಅಲ್ಲಿಂದ ಗೋದಲಿಗೆ. ಉಡುಗೊರೆಗಳನ್ನೂ ಬೇಕಿದ್ದರೆ 6ಕ್ಕೇ ಇಟ್ಟುಕೊಳ್ಳಿ, ರಾಯರು ಕಾಣಿಕೆ ತಂದದ್ದೂ ಅಂದೇ ತಾನೆ. ಯಜಮಾನರಿಗೆ ಆ ದಿನ ರಜೆ ಸಿಕ್ಕರೆ ಗಡಿ ದಾಟಿ ಗೋವಾಕ್ಕೆ ಹೋಗಿ. ಚಾಂದರ್, ಕಾನ್ಸಾವ್ಲಿ, ರೇಯಿಸ್ ಮಾಗೊಸ್ ಈ ಮೂರೂ ಕಡೆ ಹುಡುಗರು ರಾಜರ ವೇಷ ಹಾಕಿ ಮೆರವಣಿಗೆಯಲ್ಲಿ ಬರುತ್ತಾರೆ. ನಿಮಗೆ ಹತ್ತಿರವಾಗುವುದು ಮಡಗಾಂವ್ ಪಕ್ಕದ ಚಾಂದರ್. ಬೆಳಿಗ್ಗೆ ಬೇಗ ಹೊರಡಿ, ಚರ್ಚಿನ ಹತ್ತಿರ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ.