ನೀರಿನ ಲೆಕ್ಕ ಯಾರ ಕೈಯಲ್ಲಿರಬೇಕು?

ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ಇವರನ್ನು ರಾಜಣ್ಣ ಎನ್ನೋಣ. ವಯಸ್ಸು 50 ದಾಟಿದೆ, ಮಂಡ್ಯ ಕಡೆಯ ರೈತರು. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್. ಕುಡಿದ ನೀರು ಕಿಡ್ನಿಯಿಂದ ಸರಿಯಾಗಿ ಹೊರಹೋಗದೆ ಮೈಯಲ್ಲೇ ಉಳಿಯುವುದರಿಂದ ಕುಡಿಯುವ ನೀರಿಗೂ ಮಿತಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಗುತ್ತಿತ್ತು, ದುಡ್ಡಿನ ತೊಂದರೆ ಇರಲಿಲ್ಲ. ಆದರೂ ಮೇಲಿಂದ ಮೇಲೆ ತಪ್ಪಿಸುತ್ತಿದ್ದರು. ಅದಕ್ಕೇ ಡಾಕ್ಟರು ಮಾತಾಡಿ ಸಲಹೆ ಕೊಡಲಿ ಅಂತ ನನ್ನ ಹತ್ತಿರ ಕಳಿಸಿದ್ದರು.

ಜೊತೆಗೆ ಬಂದ ಹೆಂಡತಿ ಕೂತ ಕೂಡಲೇ ಗೋಳು ತೋಡಿಕೊಂಡರು. "ಕೊಡ ಎತ್ತಿಟ್ರೆ ಬಚ್ಚಲುಮನೆ ನಲ್ಲಿಗೆ ಬಾಯಿ ಇಡ್ತಾರೆ ಮೇಡಂ. ನಾನೆಷ್ಟು ಕಾಯ್ಲಿ?" ರಾಜಣ್ಣ ತಲೆ ಎತ್ತಲಿಲ್ಲ. ಎಡಗೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿ ಮಾಡಿದ ಜಾಗ) ಕಾಣದ ಹಾಗೆ ಟವೆಲ್ ಹೊದ್ದು ಕೂತಿದ್ದರು.

ಆಮೇಲೆ ಅವರೊಬ್ಬರನ್ನೇ ಮಾತಾಡಿಸಿದೆ. "ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ತಿದ್ದೋನು ನಾನು. ಈಗ ಒಂದು ಲೋಟ ನೀರಿಗೆ ಬೈಸ್ಕೋಬೇಕು" ಅಂದರು. ಅವರಿಗೆ ಬಾಯಾರಿಕೆಗಿಂತ ಈ ಅವಮಾನವೇ ಜಾಸ್ತಿ ಸುಡುತ್ತಿತ್ತು.

ಕದ್ದು ಕುಡಿದಾಗ ಎರಡು ಡಯಾಲಿಸಿಸ್ ನಡುವೆ ತೂಕ 4 ಕೆ.ಜಿ.ವರೆಗೂ ಏರುತ್ತಿತ್ತು. ಅಷ್ಟೂ ನೀರನ್ನು 4 ಗಂಟೆಯಲ್ಲಿ ತೆಗೆಯುವಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತಿತ್ತು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಆ ನೋವಿಗೆ ಹೆದರಿ ಮುಂದಿನ ಸಲ ಹೋಗುತ್ತಿರಲಿಲ್ಲ. ಹೋಗದಿದ್ದರೆ ನೀರು ಶ್ವಾಸಕೋಶಕ್ಕೆ ಸೇರಿ ಉಸಿರು ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಖನಿಜಾಂಶ ಏರಿ ಹೃದಯವೇ ನಿಂತುಹೋಗಬಹುದು. ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಸೋಮಾರಿತನದಿಂದ ತಪ್ಪಿಸುತ್ತಿಲ್ಲ, ಹೆದರಿಕೆಯಿಂದ ತಪ್ಪಿಸುತ್ತಿದ್ದಾರೆ ಅಂತ ಹೆಂಡತಿಗೂ ಬಿಡಿಸಿ ಹೇಳಿದೆ.

ನನ್ನ ಸಲಹೆ ಇಷ್ಟೇ: ನೀರಿನ ಲೆಕ್ಕ ರಾಜಣ್ಣನವರದು, ಉಪ್ಪಿನ ಲೆಕ್ಕ ಹೆಂಡತಿಯದು.

ಹಿಂದಿನ ದಿನ ಎಷ್ಟು ಮೂತ್ರ ಹೋಯಿತೋ ಅಷ್ಟು, ಅದರ ಮೇಲೆ ಅರ್ಧ ಲೀಟರ್. ಡಾಕ್ಟರು ಇವರಿಗೆ ಕೊಟ್ಟಿದ್ದ ಅಳತೆ ಇದು. ಬೆಳಿಗ್ಗೆ ಅಷ್ಟು ನೀರನ್ನು ಅವರೇ ಒಂದು ಬಾಟಲಿಗೆ ತುಂಬಿಟ್ಟುಕೊಳ್ಳಬೇಕು. ಕಾಫಿ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಬೇಕು. ಸಾರು, ಮಜ್ಜಿಗೆಗೂ ಹಾಗೇ. ಬಾಟಲಿ ಖಾಲಿಯಾದರೆ ಬಾಯಿ ಮುಕ್ಕಳಿಸುವುದು, ಇಲ್ಲವೇ ನಿಂಬೆ ಹೋಳು ಚೀಪುವುದು. ಹೆಂಡತಿ ಬಾಟಲಿ ಕಡೆ ನೋಡಲೂ ಕೂಡದು.

ಆ ಅಮ್ಮನಿಗೆ ಇದು ಕಷ್ಟವಾಯಿತು. ಗಂಡ ನಡುರಾತ್ರಿ ಉಸಿರಿಗೆ ಒದ್ದಾಡಿದ್ದನ್ನು ಕಣ್ಣಾರೆ ಕಂಡವರು, ಸುಮ್ನೆ ಇರಿ ಅಂದರೆ ಹೇಗೆ ಇರುತ್ತಾರೆ? ಅದಕ್ಕೇ ಅವರಿಗೂ ಕೆಲಸ ಕೊಟ್ಟೆ. ಉಪ್ಪು ಕಡಿಮೆಯಾಗದೆ ಬಾಯಾರಿಕೆ ಕಡಿಮೆಯಾಗುವುದಿಲ್ಲ. ಉಪ್ಪಿನಕಾಯಿ, ಹಪ್ಪಳ ಮನೆಗೆ ಬರಬಾರದು. ಬಿಪಿಗೆ ಒಳ್ಳೆಯದು ಅಂತ ಮಾರುವ ಕಡಿಮೆ ಸೋಡಿಯಂ ಉಪ್ಪಂತೂ ಬೇಡವೇ ಬೇಡ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಎಳನೀರಿನ ವಿಷಯದಲ್ಲೂ ಅದೇ ಅಪಾಯ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೂ ದಾಹ ಏರುತ್ತದೆ, ಅದನ್ನು ಡಾಕ್ಟರಿಗೆ ತೋರಿಸಲು ಹೇಳಿದೆ.

ಮೀನಖಂಡ ಹಿಡಿಯಲು ಶುರುವಾದ ಕೂಡಲೇ ಸಿಸ್ಟರಿಗೆ ಹೇಳಿ, ಹಲ್ಲು ಕಚ್ಚಿ ಮಲಗಬೇಡಿ ಅಂತ ರಾಜಣ್ಣನವರಿಗೂ ಒತ್ತಿ ಹೇಳಿದೆ. ಸಿಸ್ಟರು ನೀರು ತೆಗೆಯುವ ವೇಗ ತಗ್ಗಿಸಬಹುದು, ಅಲ್ವಾ?

ಅಲ್ಲಿಂದೀಚೆಗೆ ಡಯಾಲಿಸಿಸ್ ತಪ್ಪಿಸಿಲ್ಲ. ಯುಗಾದಿಗೆ ಪಾಯಸ, ಪಾನಕ ಜಾಸ್ತಿಯಾಯಿತಂತೆ. ಮರುದಿನ ತೂಕದ ಯಂತ್ರ ಹತ್ತುವ ಮೊದಲೇ ಸಿಸ್ಟರಿಗೆ ತಾವೇ ಹೇಳಿಬಿಟ್ಟಿದ್ದಾರೆ. ಕಿಡ್ನಿ ಕಸಿ ಬಗ್ಗೆ ಮಾತಾಡಲು ಮುಂದಿನ ಸಲ ಮಗನನ್ನೂ ಕರೆತರುತ್ತಾರೆ.