ನಿಮ್ಮ ನಾಯಕಿಗೆ ಎಲ್ಲವೂ ಪುಕ್ಕಟೆ

ನಮಸ್ಕಾರ,

ನಿಮ್ಮ ಕಾದಂಬರಿ ಓದಿ ಮುಗಿಸಿದೆ. 2089ರ ಬೆಂಗಳೂರು, ನೀರನ್ನೆಲ್ಲ ಕೈವಶ ಮಾಡಿಕೊಂಡ ‘ಜಲಾಧಿಪತಿ’, ತಲೆಗೆ ದಿನಕ್ಕೆ ಎರಡು ಲೀಟರ್ ಪಡಿತರ, ಅವನ ವಿರುದ್ಧ ತಿರುಗಿಬೀಳುವ ಹದಿನೇಳರ ಹುಡುಗಿ ಧಾರಿಣಿ. ಹದಿಹರೆಯದವರಿಗೆ ಅಂತ ಕನ್ನಡದಲ್ಲಿ ಇಂಥದ್ದು ಬರೆಯುವವರು ಕಡಿಮೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಹೊಗಳಿಕೆ ಇಷ್ಟು ಸಾಕು ಅಲ್ವಾ? ನನಗೆ ಸಿಟ್ಟು ತರಿಸಿದ್ದಕ್ಕೆ ಬರುತ್ತೇನೆ.

ಮೂರನೇ ಅಧ್ಯಾಯದ ಮೊದಲ ಸಾಲು: “ತಲೆಸ್ನಾನ ಮುಗಿಸಿ ಬಂದ ಧಾರಿಣಿ ಟೆರೇಸಿನಲ್ಲಿ ಉದ್ದ ಕೂದಲು ಹರಡಿಕೊಂಡು ನಿಂತಳು.” ಯಾವ ನೀರಲ್ಲಿ ಸ್ನಾನ ಮಾಡಿದಳು ಮಾರಾಯ್ರೇ? ಎರಡು ಲೀಟರ್ ಕುಡಿಯೋದಕ್ಕೇ ಸರಿಹೋಗುತ್ತದೆ. ಇವತ್ತು ನಗರಗಳಿಗೆ ತಲೆಗೆ 135 ಲೀಟರ್ ಅಂತ ಲೆಕ್ಕ ಹಾಕುತ್ತಾರೆ, ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ 55. ಅದು ಎರಡಕ್ಕೆ ಇಳಿದ ಮನೆಯಲ್ಲಿ ಉದ್ದ ಕೂದಲು ಎಲ್ಲಿಂದ ಬರಬೇಕು? ಅಮ್ಮ ಎಂದೋ ಕತ್ತರಿ ಹಿಡಿದು ಎದುರಿಗೆ ಕೂರಿಸಿಕೊಂಡಿರುತ್ತಾಳೆ. ಆ ಜಗಳ ಬರೆಯಿರಿ. ಹದಿನೇಳರ ಹುಡುಗಿಯನ್ನು ನಿಮ್ಮ ಅಧಿಪತಿ ಮೊದಲು ಮುಟ್ಟುವುದು ಅಲ್ಲೇ.

ಅದೇ ಪುಟದ ಕೆಳಗೆ: “ಎರಡು ತುಂಬಿದ ಕೊಡ ಹೊತ್ತು ಹನ್ನೊಂದು ಮಹಡಿಯನ್ನು ಚಿಗರೆಯಂತೆ ಹತ್ತಿದಳು.” ಪ್ಲಾಸ್ಟಿಕ್ ಕೊಡ ಒಂದಕ್ಕೆ ಹದಿನೈದು ಲೀಟರ್ ಅಂತಿಟ್ಟುಕೊಳ್ಳಿ. ಎರಡಕ್ಕೆ ಮೂವತ್ತು ಕೆಜಿ. ಒಂದ್ಸಲ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಎರಡೇ ಮಹಡಿ ಹತ್ತಿ ನೋಡಿ. ಒಂದು ಪಕ್ಕದ ಬಟ್ಟೆ ಪೂರ್ತಿ ಒದ್ದೆ. ಕೊಡದ ಕಂಠ ತಬ್ಬಿದ ತೋಳು ಮರಗಟ್ಟುತ್ತದೆ. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಒಂದಿಷ್ಟು ತುಳುಕುತ್ತದೆ. ನಿಮ್ಮ ಊರಿನಲ್ಲಿ ತುಳುಕಿದ ಒಂದು ಲೋಟ ತಮ್ಮನ ಪಾಲಿನದ್ದು. ಚಿಗರೆಯನ್ನು ಬಿಟ್ಟು ಆ ಲೋಟ ಹಿಡ್ಕೊಳ್ಳಿ. ಅಂದ ಹಾಗೆ, ಆ ಮೂವತ್ತು ಲೀಟರ್ ಹದಿನೈದು ಜನರ ಪಡಿತರ. ಯಾರದ್ದು ಅದು?

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಂಚೆಯಲ್ಲಿ ಬಂದ ಕತೆಗಳ ಲಕೋಟೆ ಒಡೆದು, ವಾಪಸ್ ಕಳಿಸಲು ಸ್ಟಾಂಪು ಹಚ್ಚಿದ ಕವರು ಇದೆಯಾ ನೋಡಿ, ಪಿನ್ನು ಹಾಕಿ ಜೋಡಿಸುವುದು ನನ್ನ ಪಾಲಿನ ಕೆಲಸ. ಹಿರಿಯ ಉಪಸಂಪಾದಕರೊಬ್ಬರು ಕತೆ ಓದುತ್ತಾ ಅಂಚಿನಲ್ಲಿ ಪೆನ್ಸಿಲಿನಿಂದ ‘ರೂ?’ ಅಂತ ಗುರುತು ಹಾಕುತ್ತಿದ್ದರು. ಏನ್ ಸಾರ್ ಇದು ಅಂತ ಕೇಳಿದೆ. “ಇಲ್ಲಿ ಪಾತ್ರಕ್ಕೆ ಏನೋ ಪುಕ್ಕಟೆ ಸಿಕ್ಕಿದೆ ಕಣಯ್ಯ. ದುಡ್ಡು ಯಾರು ಕೊಟ್ಟರು?” ಅಂದರು. ಬಡ ಗುಮಾಸ್ತ ಟ್ಯಾಕ್ಸಿ ಹತ್ತಿದರೂ ‘ರೂ?’, ಅಣ್ಣತಮ್ಮಂದಿರ ಮೂವತ್ತು ವರ್ಷದ ಮುನಿಸು ಒಂದು ಕಾಗದಕ್ಕೆ ಕರಗಿದರೂ ‘ರೂ?’. ಕೆಲವು ಕತೆಗಳ ಅಂಚು ಕಿರಾಣಿ ಅಂಗಡಿಯ ಚೀಟಿಯ ಹಾಗೆ ಕಾಣುತ್ತಿತ್ತು. ಆ ಚಟ ನನಗೂ ಅಂಟಿತು. ನಿಮ್ಮ ಹಸ್ತಪ್ರತಿ ವಾಪಸ್ ಬಂದಾಗ ನೋಡುತ್ತೀರಿ.

ಅತಿ ದೊಡ್ಡ ‘ರೂ?’ ಕ್ಲೈಮ್ಯಾಕ್ಸಿಗೆ. “ಕನ್ನಂಬಾಡಿ ಕಟ್ಟೆ ಸಿಡಿಯಿತು. ಕಾವೇರಿ ಬೆಂಗಳೂರಿನ ಬೀದಿ ಬೀದಿಗೆ ನುಗ್ಗಿದಳು.” ಹೇಗೆ ನುಗ್ಗುತ್ತಾಳೆ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪು ಮಾಡಿ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಮೇಲಕ್ಕೆತ್ತಿದರೆ ನಲ್ಲಿಯಲ್ಲಿ ಕಾವೇರಿ. ಕಟ್ಟೆ ಒಡೆದರೆ ಮಂಡ್ಯದ ಕಡೆ ಗದ್ದೆ, ಊರು ಮುಳುಗುತ್ತವೆ, ನೀರು ತಮಿಳುನಾಡಿನ ದಾರಿ ಹಿಡಿಯುತ್ತದೆ. ಧಾರಿಣಿ ಊರನ್ನು ಬಿಡುಗಡೆ ಮಾಡಿದ್ದಲ್ಲ, ಬಾಯಾರಿಸಿ ಕೊಂದಿದ್ದು.

ಬರೀ ಭೂಗೋಳದ ತಪ್ಪಾಗಿದ್ದರೆ ಸುಮ್ನೆ ತಿದ್ದಿ ಮುಂದೆ ಹೋಗುತ್ತಿದ್ದೆ. ಇಲ್ಲಿ ಹಾಗಲ್ಲ. ಪಂಪು ನಿಂತರೆ ಅಧಿಪತಿಯ ಜೊತೆಗೆ ಅವಳ ಅಜ್ಜಿಯೂ ಸಾಯುತ್ತಾಳೆ. ಪಂಪು ಓಡುತ್ತಿರಬೇಕು, ಅವನು ಹೋಗಬೇಕು. ಅದಕ್ಕೆ ಪಂಪ್‌ಹೌಸಿನವರನ್ನು ಒಲಿಸಿಕೊಳ್ಳಬೇಕು. ಅವರ ಮಕ್ಕಳಿಗೋ ಜಾಸ್ತಿ ಪಡಿತರ ಸಿಗುತ್ತಿದೆ. ಏನು ಹೇಳಿ ಒಲಿಸುತ್ತಾಳೆ? ನೂರಾರು ಪುಟ ಓದಿ ನಾನು ಕಾದಿದ್ದು ಆ ಮಾತುಕತೆಗೆ. ನೀವು ಬಾಂಬು ಕೊಟ್ಟಿರಿ.

ಕೈಯಲ್ಲೇ ಇದ್ದದ್ದನ್ನು ಎಸೆದಿದ್ದೀರಿ, ಅದು ಇನ್ನೂ ಬೇಜಾರು. 140ನೇ ಪುಟದಲ್ಲಿ: “ಅಪ್ಪ ವಾಲ್ವ್‌ಮ್ಯಾನ್ ಆಗಿದ್ದ. ಅವಳಿಗೆ ಹತ್ತು ವರ್ಷವಿದ್ದಾಗ ತೀರಿಕೊಂಡ.” ಅಷ್ಟೇ! ಯಾವ ಬೀದಿಗೆ ಎಷ್ಟು ಹೊತ್ತು ನೀರು ಅಂತ ತಿರುಗಿಸುವವನ ಮಗಳು ಇವಳು. ಕೋಲಾರ, ತುಮಕೂರು ಕಡೆ ಕೆರೆಯ ತೂಬು, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಕೈಯಲ್ಲಿರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅವನು ನಡೆದು ಬರುವ ದಾರಿಯನ್ನೇ ಊರು ನೋಡುತ್ತಿತ್ತು. ಅಂಥವನನ್ನು ಎರಡು ಸಾಲಿನಲ್ಲಿ ಕೊಂದುಬಿಡುವುದಾ? ಬದುಕಿಸಿ. ದಿನಾ ತಮ್ಮ ಬೀದಿಗೆ ಎರಡು ನಿಮಿಷ ಜಾಸ್ತಿ ಬಿಡಲಿ. ಆ ಎರಡು ನಿಮಿಷ ಪಕ್ಕದ ಬೀದಿಯ ಗೆಳತಿಯ ಮನೆಯದ್ದು ಅಂತ ಮಗಳಿಗೆ ಗೊತ್ತಾಗಲಿ. ಆಮೇಲೆ ಅವಳು ಏನು ಮಾಡುತ್ತಾಳೆ ನೋಡೋಣ. “ಅವಳು ಎಲ್ಲರಂಥ ಹುಡುಗಿಯಲ್ಲ” ಅಂತ ಐದು ಪಾತ್ರಗಳ ಬಾಯಲ್ಲಿ ಹೇಳಿಸುವ ಕಷ್ಟ ತಪ್ಪುತ್ತದೆ.

ಸೋರುವ ನೀರು ಪತ್ತೆ ಮಾಡುವ ಆ ಡ್ರೋನುಗಳನ್ನೂ ತೆಗೆಯಿರಿ. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು. ಯಾರ ಬಾಲ್ಕನಿಯಿಂದ ನೀರು ಸೋರುತ್ತಿದೆ ಅಂತ ಪತ್ತೆ ಮಾಡುವುದಕ್ಕೆ ಡ್ರೋನ್ ಯಾಕೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಸಾಲದಾ?

ಇಡೀ ಕಾದಂಬರಿಯಲ್ಲಿ ಒಂದೇ ಒಂದು ‘ರೂ?’ ಬೀಳದ ಜಾಗ ಅಜ್ಜಿಯದ್ದು. ಅಕ್ಕಿ ತೊಳೆದ ನೀರಲ್ಲೇ ಪಾತ್ರೆ ಅದ್ದಿ ತೆಗೆದು, ಅದೇ ನೀರನ್ನು ಖಾಲಿ ಸಿಂಟೆಕ್ಸಿನ ಹಿಂದೆ ಬಚ್ಚಿಟ್ಟ ಕರಿಬೇವಿನ ಕುಂಡಕ್ಕೆ ಸುರಿಯುತ್ತಾಳಲ್ಲ, ಗಿಡ ಬೆಳೆಸಿದರೆ ಜೈಲು ಅಂತ ಗೊತ್ತಿದ್ದೂ. ಅಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟೆ. ಅದರಲ್ಲಿ ಒಂದಕ್ಷರ ಬದಲಿಸಬೇಡಿ.

ಮೂರನೇ ಅಧ್ಯಾಯವನ್ನೂ ಅಪ್ಪನ ಭಾಗವನ್ನೂ ಹೊಸದಾಗಿ ಬರೆದು ಕಳಿಸಿ. ಉಳಿದದ್ದನ್ನು ಸದ್ಯಕ್ಕೆ ಮುಟ್ಟಬೇಡಿ. ಎರಡನೇ ಭಾಗದ ಸಾರಾಂಶ ಅಂತ ಜೊತೆಗೆ ಇಟ್ಟಿದ್ದೀರಲ್ಲ, ಅದನ್ನು ನಾನು ಬಿಚ್ಚಿಲ್ಲ.